ಸೂತ್ರ ಮತ್ತು ಚಿತ್ತಾರ

ಸ್ಮರಣ ಸಂಪುಟದ ಸಂಪಾದಕ ಬಂಧುಗಳು ಪ್ರತಿ ಸಲವೂ ನನ್ನಿಂದ ಒಂದು ಲೇಖನವನ್ನು ಅಪೇಕ್ಷಿಸುವುದು, ಛಂದಸ್ಸನ್ನೋ ಹಳಗನ್ನಡದ ಯಾವುದಾದರೊಂದು ಕಾವ್ಯವನ್ನೋ ಕುರಿತು ನಾಲ್ಕಾರು ಪುಟ ಬರೆದುಕೊಟ್ಟು ನಾನು ಋಣಮುಕ್ತನಾಗುವುದು, ಇದು ಬಹುಕಾಲದಿಂದ ನಡೆದು ಬಂದ ಪದ್ಧತಿ. ಈ ಸಲ ನಾನು ಎತ್ತಿಕೊಂಡಿರುವ ವಿಷಯ ಗಣಕಯಂತ್ರಕ್ಕೆ ಒಂದು ಸಾಲಿನ ಆಜ್ಞೆಯನ್ನಿತ್ತು ಚಿತ್ತಾರಗಳನ್ನು ರಚಿಸುವುದಕ್ಕೆ ಸಂಬಂಧಪಟ್ಟದ್ದು. ಶಬ್ದಮಣಿದರ್ಪಣವನ್ನು ಕೈಯಲ್ಲಿ ಹಿಡಿದು ತರಗತಿಗೆ ಬರುತ್ತಿದ್ದ ಪಂಡಿತನಿಗೆ ಈ ಉಸಾಬರಿ ಏತಕ್ಕೆ ಎಂದು ಹಳೆಯ ವಿದ್ಯಾರ್ಥಿಗಳು ನಗಬಹುದು. ಮೊದಲು ನಾನೂ ನಕ್ಕವನೇ. ನಾನು ಯಂತ್ರಶಾಸ್ತ್ರವನ್ನು ಬಲ್ಲವನಲ್ಲ. ಬಲ್ಲವರನ್ನು ಕೇಳಿ ತಿಳಿದುಕೊಂಡುದನ್ನೂ, ಕಣ್ಣಾರೆ ಕಂಡುದನ್ನೂ ಮಾತ್ರ ಇಲ್ಲಿ ನಿವೇದಿಸುತ್ತೇನೆ.

ಪ್ರಸಂಗ ಹುಟ್ಟಿದ್ದು ಒಂದು ಮುಜುಗರದಿಂದ. ನಮ್ಮ ಸಂಪುಟಗಳ ಪುಟದಂಚುಗಳನ್ನು ಚಿತ್ರಕಲೆಯ ಅಧ್ಯಾಪಕರು ಇಂಡಿಯನ್ ಇಂಕಿನಲ್ಲಿ ಬರೆದುಕೊಡುತ್ತಿದ್ದರು. ಅವರು ನಿವೃತ್ತರಾಗಿ ಎರಡು ವರ್ಷಗಳಾದವು. ಆ ಸ್ಥಾನ ಇಂದಿಗೂ ಖಾಲಿಯಾಗಿದೆ. ಆದಕಾರಣ ಕಳೆದ ಸಂಪುಟಕ್ಕೆ ಎಲ್ಲಿಂದಲೋ ಒಂದು ಬಳ್ಳಿಯ ಚಿತ್ರವನ್ನು ಇಳಿಸಿಕೊಂಡು ಪ್ರತಿ ಪುಟಕ್ಕೂ ಸುತ್ತಿಸಲಾಯಿತು. ಸಂಪುಟ ಬಿಡುಗಡೆಯಾಗಿ ತಿಂಗಳು ಕಳೆಯುವುದರೊಳಗೆ ಅದೇ ಬಳ್ಳಿ, ಅದೇ ಬಣ್ಣದಲ್ಲಿ, ಒಂದು ಮದುವೆಯ ಕರೆಯೋಲೆಯಲ್ಲಿಯೂ ಬಟ್ಟೆಯಂಗಡಿಯೊಂದರ ಕ್ಯಾಲೆಂಡರಿನಲ್ಲಿಯೂ ನನಗೆ ದರ್ಶನವಿತ್ತಿತು. ಈ ವರ್ಷದ ಸಂಪುಟಕ್ಕೆ ಅಂಚನ್ನು ನಮ್ಮ ಮಕ್ಕಳೇ ಮಾಡಬೇಕೆಂದು ನಾನು ಹಟ ಹಿಡಿದೆ. ಗಣಕಯಂತ್ರವನ್ನು ಕಲಿಸುವ ನಮ್ಮ ತರುಣ ಅಧ್ಯಾಪಕರು, "ಹಾಗಾದರೆ ನೀವೂ ಬಂದು ಕುಳಿತುಕೊಳ್ಳಿರಿ, ಗುರುಗಳೇ" ಎಂದು ನನ್ನನ್ನು ತಮ್ಮ ಕೋಣೆಗೆ ಕರೆದೊಯ್ದರು.

ಅಲ್ಲಿ ನಾನು ನಿರೀಕ್ಷಿಸಿದ್ದು ಬಣ್ಣದ ಗುಂಡಿಗಳನ್ನೂ ಕುಂಚದ ಆಕೃತಿಗಳನ್ನೂ. ಕಂಡದ್ದು ಬರಿಯ ಕಪ್ಪು ಪರದೆ. ಅದರ ಮೇಲೆ ಮಿನುಗುವ ಒಂದು ಸಣ್ಣ ಗೆರೆ. ಕಮಾಂಡ್ ಲೈನ್ ಎಂದರೆ ಇದೇ, ಆಜ್ಞೆಯ ಸಾಲು. ಇಲ್ಲಿ ಚಿತ್ರವನ್ನು ಎಳೆಯುವಂತಿಲ್ಲ, ತೀಡುವಂತಿಲ್ಲ. ಏನು ಬೇಕೆಂಬುದನ್ನು ಅಕ್ಷರಗಳಲ್ಲಿ ಬರೆಯಬೇಕು. ಅವರು ಉಪಯೋಗಿಸಿದ ಸಾಧನದ ಹೆಸರು ಇಮೇಜ್‌ಮ್ಯಾಜಿಕ್. ಜಾನ್ ಕ್ರಿಸ್ಟಿ ಎಂಬುವರು ಅಮೆರಿಕದ ಡ್ಯುಪಾಂಟ್ ಸಂಸ್ಥೆಯಲ್ಲಿ ಉದ್ಯೋಗದಲ್ಲಿದ್ದಾಗ ೧೯೮೭ರಲ್ಲಿ ಇದನ್ನು ಬರೆಯಲಾರಂಭಿಸಿದರಂತೆ. ಲಕ್ಷಾಂತರ ಬಣ್ಣಗಳುಳ್ಳ ಚಿತ್ರವನ್ನು ಕೇವಲ ೨೫೬ ಬಣ್ಣಗಳನ್ನು ತೋರಬಲ್ಲ ಅಂದಿನ ಪರದೆಗಳಿಗೆ ಒಗ್ಗಿಸುವುದು ಅದರ ಮೂಲ ಉದ್ದೇಶ. ೧೯೯೦ರಲ್ಲಿ ಅದು ಲೋಕಕ್ಕೆ ಉಚಿತವಾಗಿ ದೊರೆಯಿತು. ಇಂದಿಗೂ ಉಚಿತವಾಗಿಯೇ ದೊರೆಯುತ್ತಿದೆ. ಈ 'ಉಚಿತ' ಎಂಬ ಮಾತನ್ನು ದಾನಿಗಳು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಅದು ಪ್ರಯೋಜನಕ್ಕೆ ಬರುತ್ತದೆ.

ಅಧ್ಯಾಪಕರು ಬರೆದ ಮೊದಲ ಸಾಲಿನಲ್ಲಿ ಇದ್ದುದು ನಾಲ್ಕೇ ಅಂಶಗಳು: ಸಾಧನದ ಹೆಸರು, ಚಿತ್ರದ ಅಳತೆ, 'ಪ್ಯಾಟರ್ನ್' ಎಂಬ ಪದದೊಡನೆ ಮಾದರಿಯ ಹೆಸರು, ಕೊನೆಗೆ ಫಲವನ್ನಿಡಬೇಕಾದ ಕಡತದ ಹೆಸರು. ಕೀಲಿಯನ್ನು ಒತ್ತಿದೊಡನೆ ಮೀನಿನ ಹುರುಪೆಗಳಂತೆ ಒಂದರ ಮೇಲೊಂದು ಒರಗಿದ ಅರ್ಧಚಂದ್ರಗಳು ಸಿದ್ಧವಾದವು. ಮಾದರಿಯ ಹೆಸರನ್ನು ಮಾತ್ರ ಬದಲಿಸಿದರೆ ಇಟ್ಟಿಗೆಯ ಗೋಡೆ, ಮತ್ತೆ ಬದಲಿಸಿದರೆ ಜೇನುಗೂಡಿನಂಥ ಷಟ್ಕೋನಗಳ ಜಾಲ, ಚದುರಂಗದ ಹಾಸು. ಇವು ಸಾಧನದೊಳಗೆ ಮೊದಲೇ ಕೂಡಿಟ್ಟ ಮಾದರಿಗಳು. ಹೀಗೆ ಇಟ್ಟದ್ದನ್ನು ಎತ್ತಿಕೊಡುವುದರಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ. ಅಂಗಡಿಯವನೂ ಅಷ್ಟನ್ನು ಮಾಡುತ್ತಾನೆ.

ವಿಶೇಷವಿದ್ದುದು ಮುಂದಿನ ಹೆಜ್ಜೆಯಲ್ಲಿ. ಒಂದು ಚಿಕ್ಕ ಚಿತ್ರವನ್ನು ಕೊಟ್ಟು, "ಇದರ ಪ್ರತಿಯೊಂದನ್ನು ಮಾಡು, ಎಡಬಲ ಮಗುಚು, ಮೂಲದ ಪಕ್ಕಕ್ಕೆ ಹಚ್ಚು, ಬಂದುದರ ಪ್ರತಿಯನ್ನು ಮಾಡು, ಮೇಲುಕೆಳಗು ಮಗುಚು, ಮೂಲದ ಕೆಳಗೆ ಹಚ್ಚು" ಎಂದು ಬರೆಯಬಹುದು. ಎಡಬಲ ಮಗುಚುವುದಕ್ಕೆ 'ಫ್ಲಾಪ್', ಮೇಲುಕೆಳಗು ಮಗುಚುವುದಕ್ಕೆ 'ಫ್ಲಿಪ್', ಹಚ್ಚುವುದಕ್ಕೆ 'ಅಪೆಂಡ್'. ಈ ಅಪೆಂಡಿನ ಹಿಂದೆ ಕೂಡುವ ಚಿಹ್ನೆಯಿದ್ದರೆ ಪಕ್ಕಕ್ಕೆ ಹಚ್ಚುತ್ತದೆ, ಕಳೆಯುವ ಚಿಹ್ನೆಯಿದ್ದರೆ ಕೆಳಕ್ಕೆ ಹಚ್ಚುತ್ತದೆ. ಒಬ್ಬ ಹುಡುಗ ಒಂದರ ಬದಲು ಇನ್ನೊಂದನ್ನು ಬರೆದು, ಬಾಗಿಲಿನ ತೋರಣವಾಗಬೇಕಾದುದನ್ನು ಕಂಬವಾಗಿ ನಿಲ್ಲಿಸಿದ. ಕಾಲು ಭಾಗದ ರೇಖೆ ಹೀಗೆ ನಾಲ್ಕು ದಿಕ್ಕಿಗೂ ಅರಳಿ ಪೂರ್ಣ ಹೂವಾದುದನ್ನು ಕಂಡಾಗ ನನಗೆ ನೆನಪಾದುದು ಯಂತ್ರಶಾಸ್ತ್ರವಲ್ಲ, ವ್ಯಾಕರಣ.

ಈ ಸಾಲುಗಳಲ್ಲಿ ಎರಡು ಬಗೆಯ ಮಾತುಗಳಿವೆ. ಅಳತೆ, ಬಣ್ಣ ಮುಂತಾದವನ್ನು ಒಮ್ಮೆ ಹೇಳಿದರೆ ಸಾಕು. ಬೇರೆಯದನ್ನು ಹೇಳುವವರೆಗೂ ಅವು ಮುಂದೆ ಅನ್ವಯಿಸುತ್ತ ಹೋಗುತ್ತವೆ. ಮಗುಚು, ಹಚ್ಚು ಎಂಬಂಥವು ಹಾಗಲ್ಲ. ಅಲ್ಲಿ ಇದ್ದ ಚಿತ್ರದ ಮೇಲೆ ಆಗಲೇ ಒಮ್ಮೆ ಕೆಲಸ ಮಾಡಿ ಮುಗಿಯುತ್ತವೆ. ಸೂತ್ರಗ್ರಂಥಗಳನ್ನು ಓದಿದವರಿಗೆ ಇದು ಹೊಸದಲ್ಲ. ಹಿಂದಿನ ಸೂತ್ರದ ಪದ ಮುಂದಿನ ಸೂತ್ರಗಳಿಗೆ ಹರಿದು ಬರುವುದನ್ನು ಪಾಣಿನೀಯರು ಅನುವೃತ್ತಿ ಎನ್ನುತ್ತಾರೆ. ಎಲ್ಲಿಯವರೆಗೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿಯದವನಿಗೆ ಒಂದು ಸೂತ್ರವೂ ಅರ್ಥವಾಗದು. ಹದಿನಾಲ್ಕು ವರ್ಷದ ಮಕ್ಕಳು ಅಳತೆಯ ಅನುವೃತ್ತಿಯನ್ನು ಮರೆತು ಮಾಡಿಕೊಂಡ ತಪ್ಪುಗಳನ್ನು ತಾವೇ ಹುಡುಕಿ ತಿದ್ದುವುದನ್ನು ಕಂಡು, ನಾನು ಮೂವತ್ತು ವರ್ಷ ಕರಿಹಲಗೆಯ ಮೇಲೆ ವಿವರಿಸಿ ಸೋತ ವಿಷಯ ಇಷ್ಟು ಸುಲಭವಾಗಿ ತಿಳಿಯಿತಲ್ಲ ಎಂದು ಸ್ವಲ್ಪ ಅಸೂಯೆಯೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ.

ಇದು ಪರದೇಶದಿಂದ ಬಂದ ವಿದ್ಯೆ ಎಂದು ನಮ್ಮ ಕೆಲವು ಸಹೋದ್ಯೋಗಿಗಳು ಮೂಗು ಮುರಿಯುತ್ತಾರೆ. ಸಾಧನ ಬಂದುದು ಅಲ್ಲಿಂದ, ನಿಜ. ಆದರೆ ಮಾತಿನ ಸಾಲಿನಿಂದ ಚಿತ್ತಾರವನ್ನು ಹುಟ್ಟಿಸುವ ಕ್ರಮವನ್ನು ನಮ್ಮ ಮನೆಗಳ ಹೆಣ್ಣುಮಕ್ಕಳು ಬಲ್ಲರು. ನಸುಕಿನಲ್ಲಿ ಅಂಗಳ ಸಾರಿಸಿ ನಿಂತ ತಾಯಿ ಮಗಳಿಗೆ ಹೇಳುವುದೇನು? "ಹದಿನೈದರಿಂದ ಎಂಟು, ಸಂದಿನ ಚುಕ್ಕಿ." ಇಷ್ಟೇ. ಇದನ್ನು ಬಿಡಿಸಿ ನೋಡೋಣ. ನಡುವೆ ೧೫ ಚುಕ್ಕಿಗಳ ಒಂದು ಸಾಲು. ಮುಂದಿನ ಸಾಲಿನ ಚುಕ್ಕಿಗಳನ್ನು ಹಿಂದಿನವುಗಳ ಸಂದಿಗೆ ಸರಿಯಾಗಿ ಇಡುವುದರಿಂದ ಅಲ್ಲಿ ೧೪. ಹೀಗೆ ಒಂದೊಂದೇ ಇಳಿದು ಮೇಲೆಯೂ ಕೆಳಗೆಯೂ ೮ಕ್ಕೆ ನಿಲ್ಲಬೇಕು. ಒಟ್ಟು ಚುಕ್ಕಿಗಳು ೧೬೯, ಆಕಾರ ಷಟ್ಕೋನ. ನಾಲ್ಕು ಪದಗಳಿಂದ ೧೬೯ ಬಿಂದುಗಳ ಸ್ಥಾನ ನಿರ್ಣಯವಾಯಿತು. ಇದಕ್ಕಿಂತ ಲಘುವಾದ ಸೂತ್ರವನ್ನು ಯಾವ ವೈಯಾಕರಣನು ರಚಿಸಿದ್ದಾನೋ ನಾನರಿಯೆ. ಆದರೆ ಚುಕ್ಕಿಗಳಿಟ್ಟ ಮೇಲೆ ಎಳೆ ಎತ್ತ ಸುತ್ತಬೇಕೆಂಬುದನ್ನು ತಾಯಿ ಬಾಯಲ್ಲಿ ಹೇಳುವುದಿಲ್ಲ. ಮಗಳ ಬೆರಳು ತಾಯಿಯ ಬೆರಳನ್ನು ನೋಡಿ ಕಲಿಯುತ್ತದೆ.

ಈ ವಿದ್ಯೆಯನ್ನು ವಿದ್ವಾಂಸರು ಶಾಸ್ತ್ರವೆಂದು ಗುರುತಿಸಿದ್ದೂ ದಕ್ಷಿಣದಲ್ಲಿಯೇ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ ಅವರು ೧೯೭೪ರಲ್ಲಿ ತಮಿಳು ಮನೆಗಳ ಕೋಲಂ ರಂಗೋಲಿಗೆ ವ್ಯಾಕರಣವನ್ನು ಬರೆದು ಪ್ರಬಂಧವೊಂದನ್ನು ಪ್ರಕಟಿಸಿದರು. ವ್ಯಾಕರಣ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. ಪದಗಳಿಂದ ವಾಕ್ಯಗಳು ಹುಟ್ಟುವಂತೆ ಚಿಕ್ಕ ಅಂಗಗಳಿಂದ ಇಡೀ ಕೋಲಂ ಹುಟ್ಟುವ ನಿಯಮಗಳನ್ನು ಅವರು ಬರೆದಿಟ್ಟರು. ಇದಕ್ಕೆ ಆರು ವರ್ಷ ಮುಂಚೆ, ೧೯೬೮ರಲ್ಲಿ, ಅರಿಸ್ಟಿಡ್ ಲಿಂಡೆನ್‌ಮೇಯರ್ ಎಂಬ ಜೀವವಿಜ್ಞಾನಿ ಸಸ್ಯಾದಿಗಳ ಬೆಳವಣಿಗೆಯನ್ನು ವರ್ಣಿಸುವುದಕ್ಕಾಗಿ ಒಂದು ಬಗೆಯ ಆದೇಶಸೂತ್ರಗಳನ್ನು ರೂಪಿಸಿದ್ದರು: ಒಂದು ಅಕ್ಷರವಿದ್ದಲ್ಲೆಲ್ಲ ಇಂಥ ಅಕ್ಷರಗಳ ಸರವನ್ನಿಡು, ಬಂದ ಸರದಲ್ಲಿ ಮತ್ತೆ ಹಾಗೆಯೇ ಮಾಡು ಎಂಬ ಕ್ರಮ. ಕೊನೆಗೆ ದೊರೆತ ಉದ್ದನೆಯ ಸರವನ್ನು "ಮುಂದೆ ನಡೆ, ಎಡಕ್ಕೆ ತಿರುಗು, ಬಲಕ್ಕೆ ತಿರುಗು" ಎಂದು ಓದಿಸಿದರೆ ರೇಖಾಚಿತ್ರ ಮೂಡುತ್ತದೆ. 'ಕೃಷ್ಣನ ಗೆಜ್ಜೆ' ಎಂಬ ಕೋಲಂ ಈ ಕ್ರಮದ ಪ್ರಸಿದ್ಧ ಉದಾಹರಣೆಯಾಗಿ ಇಂದು ದೇಶವಿದೇಶಗಳಲ್ಲಿ ಕಲಿಸಲ್ಪಡುತ್ತದೆ. ನಮ್ಮ ಅಂಗಳದ ರಂಗೋಲಿಯನ್ನು ನಾವು ಹಬ್ಬದ ಸ್ಪರ್ಧೆಗೆ ಮೀಸಲಿಟ್ಟು, ಬಹುಮಾನವಾಗಿ ಸ್ಟೀಲ್ ಡಬ್ಬಿಯನ್ನು ಕೊಟ್ಟು ಸುಮ್ಮನಾಗಿದ್ದೇವೆ.

ಇನ್ನು ಈ ಸಂಪುಟದ ಅಂಚಿನ ಕಥೆ. ಅಧ್ಯಾಪಕರು ನನಗೆ ಇನ್ನೊಂದು ಸಂಗತಿಯನ್ನು ತಿಳಿಸಿದರು. ಚಿತ್ರದ ಕಡತಗಳಲ್ಲಿ ಅತ್ಯಂತ ಸರಳವಾದ ಒಂದು ಬಗೆಯುಂಟು. ಅದನ್ನು ಅಕ್ಷರ ಬಲ್ಲ ಯಾರು ಬೇಕಾದರೂ ಬೆರಳಚ್ಚಿಸಬಹುದು. ಮೊದಲ ಸಾಲಿನಲ್ಲಿ 'ಪಿ' ಎಂಬ ಇಂಗ್ಲಿಷ್ ಅಕ್ಷರ ಮತ್ತು ಒಂದರ ಅಂಕಿ, ಎರಡನೆಯ ಸಾಲಿನಲ್ಲಿ ಅಗಲ ಮತ್ತು ಎತ್ತರ, ಅನಂತರ ಬರಿಯ ಒಂದು ಮತ್ತು ಸೊನ್ನೆಗಳು. ಒಂದಿದ್ದಲ್ಲಿ ಕಪ್ಪು, ಸೊನ್ನೆಯಿದ್ದಲ್ಲಿ ಬಿಳುಪು. ಇಷ್ಟು ಕೇಳುತ್ತಿದ್ದಂತೆಯೇ ನನ್ನ ಮನಸ್ಸು ಪ್ರಸ್ತಾರಕ್ಕೆ ಹೋಯಿತು.

ಗುರು ಲಘುಗಳಿಂದ ಒಂದು ಪಾದದಲ್ಲಿ ಎಷ್ಟು ಬಗೆಯ ವಿನ್ಯಾಸಗಳು ಸಾಧ್ಯವೋ ಅಷ್ಟನ್ನೂ ಕ್ರಮ ತಪ್ಪದೆ ಬರೆಯುವುದೇ ಪ್ರಸ್ತಾರವೆಂಬುದನ್ನು ನನ್ನ ವಿದ್ಯಾರ್ಥಿಗಳಾಗಿದ್ದವರು ಬಲ್ಲರು. ಪಿಂಗಲನ ಛಂದಃಶಾಸ್ತ್ರದಿಂದ ಬಂದ ಪದ್ಧತಿ ಇದು. ನಾಲ್ಕಕ್ಷರದ ಪ್ರಸ್ತಾರಕ್ಕೆ ೧೬ ಸಾಲುಗಳು. ಮೊದಲ ಸಾಲು ನಾಲ್ಕೂ ಗುರು, ಕೊನೆಯದು ನಾಲ್ಕೂ ಲಘು. ನಡುವಿನವನ್ನು ಕಂಬಸಾಲಾಗಿ ನೋಡಿದರೆ ಮೊದಲ ಕಂಬದಲ್ಲಿ ಗುರು ಲಘುಗಳು ಒಂದೊಂದಾಗಿ, ಎರಡನೆಯದರಲ್ಲಿ ಎರಡೆರಡಾಗಿ, ಮೂರನೆಯದರಲ್ಲಿ ನಾಲ್ಕು ನಾಲ್ಕಾಗಿ, ನಾಲ್ಕನೆಯದರಲ್ಲಿ ಎಂಟೆಂಟಾಗಿ ಬರುತ್ತವೆ. ಗುರುವಿಗೆ ಒಂದು, ಲಘುವಿಗೆ ಸೊನ್ನೆ ಎಂದು ಒಂಬತ್ತನೆಯ ತರಗತಿಯ ಮಕ್ಕಳಿಂದ ಬರೆಸಿದೆ. ೬೪ ಮನೆಗಳು, ಅವುಗಳಲ್ಲಿ ೩೨ ಕಪ್ಪು. ಒಂದೊಂದು ಮನೆಯನ್ನೂ ಹತ್ತು ಪಟ್ಟು ಹಿಗ್ಗಿಸು ಎಂದು ಆಜ್ಞೆ ಬರೆದು, ಎಡಬಲ ಮಗುಚಿ ಹಚ್ಚಿದಾಗ ಪರದೆಯ ಮೇಲೆ ಮೂಡಿದ ಚಿತ್ತಾರವನ್ನು ಕಂಡು ನಾನು ಕುರ್ಚಿಯಿಂದ ಎದ್ದು ನಿಂತೆ. ವಿದ್ವತ್ ಪರೀಕ್ಷೆಗೆ ಕಂಠಪಾಠ ಮಾಡಿದ ಪ್ರಸ್ತಾರಕ್ಕೆ ಇಂಥ ರೂಪವೊಂದಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾರಿಗೂ ಹೇಳಿರಲಿಲ್ಲ. ಒಬ್ಬ ಹುಡುಗ ಉತ್ಸಾಹದಿಂದ, ಇಪ್ಪತ್ತಾರು ಅಕ್ಷರದ ಉತ್ಕೃತಿಯ ಪ್ರಸ್ತಾರವನ್ನೇ ಮಾಡಿಬಿಡೋಣ ಎಂದ. ಅದಕ್ಕೆ ೬,೭೧,೦೮,೮೬೪ ಸಾಲುಗಳು ಬೇಕು. ಸಾಲಿಗೆ ಒಂದು ಮಿಲಿಮೀಟರಿನಂತೆ ಮುದ್ರಿಸಿದರೂ ಕಾಗದ ೬೭ ಕಿಲೋಮೀಟರಿಗಿಂತ ಉದ್ದವಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ ಮೇಲೆ ಸುಮ್ಮನಾದ. ಛಂದಸ್ಸಿನ ತರಗತಿಯಲ್ಲಿ ಮಕ್ಕಳು ಹಾಗೆ ನಕ್ಕದ್ದನ್ನು ನಾನು ಬಹುಕಾಲದಿಂದ ಕಂಡಿರಲಿಲ್ಲ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಪುಟದ ಅಗಲ ೧೭೦೦ ಬಿಂದುಗಳು. ಚಿತ್ತಾರದ ಒಂದು ತುಂಡನ್ನು ಅಡ್ಡ ಮಲಗಿಸಿದರೆ ೧೬೦. ಯಂತ್ರ ಹತ್ತು ತುಂಡುಗಳನ್ನು ಸಾಲಾಗಿ ಹಚ್ಚಿ, ಹನ್ನೊಂದನೆಯದನ್ನು ಹದಿನಾರು ಮನೆಗಳಲ್ಲಿ ಹತ್ತಕ್ಕೆ ಕತ್ತರಿಸಿ ನಿಲ್ಲಿಸಿತು. ಎಡತುದಿಯಲ್ಲಿ ಅಂಚು ಕಪ್ಪಿನಿಂದ ಆರಂಭವಾಗಿದ್ದರೆ ಬಲತುದಿಯಲ್ಲಿ ಎಲ್ಲಿಯೋ ಅರ್ಧಕ್ಕೆ ಮುರಿದಿತ್ತು. ನನಗೂ ಅಧ್ಯಾಪಕರಿಗೂ ಇದು ತಿಳಿಯಲೇ ಇಲ್ಲ, ನಾವಿಬ್ಬರೂ ಸಂಭ್ರಮದಲ್ಲಿದ್ದೆವು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ಬಂದು, "ಗುರುಗಳೇ, ಮೂಲಿ ಕೂಡವಲ್ದು ನೋಡ್ರಿ" ಎಂದಳು. ಆಜ್ಞೆ ಬರೆಯುವುದರಲ್ಲಿ ಅವಳು ಚುರುಕಾದವಳಲ್ಲ. ಮನೆಯಲ್ಲಿ ಅವ್ವನೊಡನೆ ಕಸೂತಿ ಹಾಕುವವಳು. ಧಾರವಾಡದ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ನಕ್ಷೆಯನ್ನು ಮೊದಲೇ ಬರೆದುಕೊಳ್ಳುವುದಿಲ್ಲ. ನೂಲಿನ ಎಳೆಗಳನ್ನು ಎಣಿಸಿ ಸೂಜಿಯನ್ನು ಚುಚ್ಚುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿಯ ಕ್ರಮ ಹೇಗೆಂದರೆ, ಹೋಗುವಾಗ ಒಂದು ಬಿಟ್ಟು ಒಂದರಂತೆ ಹೊಲಿದು, ಬರುವಾಗ ಬಿಟ್ಟ ಸಂದುಗಳನ್ನು ತುಂಬುತ್ತ ಹೊರಟಲ್ಲಿಗೇ ಮರಳಬೇಕು. ಬಟ್ಟೆಯ ಎರಡು ಮಗ್ಗುಲೂ ಒಂದೇ ತೆರನಾಗಿ ಕಾಣಬೇಕು. ಎಣಿಕೆಯಲ್ಲಿ ಒಂದೆಳೆ ತಪ್ಪಿದರೆ ದಾರ ಮನೆಗೆ ಮರಳುವುದಿಲ್ಲ. ಅಂಥ ಕೆಲಸದಲ್ಲಿ ಪಳಗಿದ ಕಣ್ಣಿಗೆ ನಮ್ಮ ಮುರಿದ ಮೂಲೆ ಕ್ಷಣದಲ್ಲಿ ಗೋಚರವಾಯಿತು.

ಪರಿಹಾರವನ್ನು ಸೂಚಿಸಿದವಳೂ ಅವಳೇ. ತುಂಡನ್ನು ಇನ್ನೊಂದು ಸಲ ಉದ್ದಕ್ಕೂ ಮಗುಚಿ ಹಚ್ಚಿದರೆ ಎರಡು ತುದಿಗಳೂ ಕಪ್ಪಾಗುತ್ತವೆ. ಆಗ ಅದರ ಉದ್ದ ೩೨೦. ಐದು ತುಂಡುಗಳಿಗೆ ಸರಿಯಾಗಿ ೧೬೦೦. ಮೂಲೆಗಳಿಗೆ ೮೦ ಬಿಂದುಗಳ ಬೇರೊಂದು ಚೌಕ. ಆ ಚೌಕದ ಹೂವನ್ನು ಅವಳು ಚೌಕುಳಿಯ ಹಾಳೆಯ ಮೇಲೆ ಪೆನ್ಸಿಲಿನಿಂದ ಮನೆಮನೆಯಾಗಿ ತುಂಬಿ ತಂದಳು. ಮೂರು ಸಲ ಅಳಿಸಿದ ಗುರುತು ಹಾಳೆಯಲ್ಲಿತ್ತು. ಪುಟದ ಅಗಲ ೧೭೬೦ಕ್ಕೆ ನಿಗದಿಯಾಯಿತು. ಎರಡು ತುಂಡುಗಳು ಸೇರುವಲ್ಲಿ ತೊಡಕು ಬರುವುದು ನಮ್ಮ ಶಾಸ್ತ್ರದಲ್ಲಿ ಸಂಧಿಪ್ರಕರಣದ ವಿಷಯ. ಯಂತ್ರ ಮಾಡಿದ್ದು ವಿಧಿಯಿಲ್ಲದ ಲೋಪ. ಹುಡುಗಿ ಮಾಡಿದ್ದು ಸಕಾರಣವಾದ ಆಗಮ. ಸಂಪಾದಕರು ಈ ಹೋಲಿಕೆಯನ್ನು ತೆಗೆದುಹಾಕಲು ಹೇಳಿದ್ದರು. ನಾನು ಒಪ್ಪಲಿಲ್ಲ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಆಡಳಿತ ಮಂಡಲಿಯ ಮುಂದೆ ಒಂದು ಸಲಹೆ ಬಂದಿದೆ. ಖಾಲಿಯಿರುವ ಚಿತ್ರಕಲಾ ಅಧ್ಯಾಪಕರ ಸ್ಥಾನವನ್ನು ತುಂಬುವುದು ಬೇಡ. ಆ ಅವಧಿಗಳನ್ನು ಗಣಕಯಂತ್ರದ ತರಗತಿಗೆ ಕೊಡೋಣ. ಚಿತ್ರಗಳನ್ನು ಯಂತ್ರವೇ ಮಾಡುತ್ತದೆಯಲ್ಲ, ಎಂಬುದು ಅದರ ಸಾರ. ಬೆಂಗಳೂರಿನಲ್ಲಿ ಉನ್ನತ ಹುದ್ದೆಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇದಕ್ಕೆ ಒತ್ತಾಸೆಯಾಗಿ ಹೊಸ ಯಂತ್ರಗಳನ್ನು ಕೊಡಿಸುವ ಭರವಸೆಯನ್ನೂ ಇತ್ತಿದ್ದಾರೆ. ಅವರ ಶಾಲಾಭಿಮಾನದಲ್ಲಿ ನನಗೆ ಸಂದೇಹವಿಲ್ಲ. ಅವರಲ್ಲಿ ಇಬ್ಬರಿಗೆ ನಾನೇ ಅಕ್ಷರಗಣಗಳನ್ನು ಕಲಿಸಿದ್ದೇನೆ. ಆದರೆ ಅವರ ತರ್ಕದಲ್ಲಿ ದೋಷವಿದೆ.

ಯಂತ್ರ ಮಾಡಿದ್ದು ಹಚ್ಚುವ, ಮಗುಚುವ, ಹಿಗ್ಗಿಸುವ ಕೆಲಸ. ಅದನ್ನು ಅದು ಮನುಷ್ಯರಿಗಿಂತ ಚೆನ್ನಾಗಿ ಮಾಡಿತು. ಅರ್ಧ ದಿನದಲ್ಲಿ ಮಕ್ಕಳು ನಲವತ್ತಕ್ಕೂ ಹೆಚ್ಚು ಅಂಚುಗಳನ್ನು ತಯಾರಿಸಿದರು. ಅವುಗಳಲ್ಲಿ ಒಂದನ್ನು ಆರಿಸಲು ನಮಗೆ ಮೂರು ದಿನ ಹಿಡಿಯಿತು. ಯಾವುದು ಕಣ್ಣಿಗೆ ಭಾರ, ಯಾವುದು ಅಕ್ಷರಗಳೊಡನೆ ಜಗಳವಾಡುತ್ತದೆ, ಯಾವುದು ಮೊದಲ ಪುಟಕ್ಕೆ ಚೆನ್ನಾಗಿದ್ದು ನೂರನೆಯ ಪುಟಕ್ಕೆ ಬೇಸರ ತರಿಸುತ್ತದೆ ಎಂಬುದನ್ನು ಹೇಳಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ. ಕೊನೆಗೆ ನಿವೃತ್ತರಾದ ಚಿತ್ರಕಲಾ ಅಧ್ಯಾಪಕರ ಮನೆಗೆ ಹಾಳೆಗಳನ್ನು ಒಯ್ದೆವು. ಅವರು ಕನ್ನಡಕ ಹಾಕಿಕೊಂಡು ಕಾಲು ಗಂಟೆಯಲ್ಲಿ ಮೂವತ್ತೈದನ್ನು ಬದಿಗಿಟ್ಟರು. ಪ್ರತಿಯೊಂದಕ್ಕೂ ಕಾರಣವನ್ನು ಹೇಳಿದರು. ಮಕ್ಕಳು ಆ ಕಾರಣಗಳನ್ನು ಬರೆದುಕೊಂಡರು. ಆ ಕಾಲು ಗಂಟೆಯ ಪಾಠಕ್ಕೆ ಯಾವ ಆಜ್ಞೆಯ ಸಾಲೂ ಇಲ್ಲ. ಆರಿಸುವ ಕಣ್ಣು ಕೈಯಿಂದ ಬರೆದು ಅಳಿಸಿದವರಿಗೆ ಬರುತ್ತದೆ. ಕೈಬರಹದ ಚಿತ್ರಕಲೆಯನ್ನು ತೆಗೆದುಹಾಕಿದರೆ, ಹತ್ತು ವರ್ಷಗಳ ಮೇಲೆ ನಮ್ಮ ಮಕ್ಕಳು ಸಾವಿರ ಅಂಚುಗಳನ್ನು ಮಾಡಬಲ್ಲರು. ಮೂಲೆ ಕೂಡಿಲ್ಲವೆಂದು ಹೇಳುವವಳು ಹಿಂದಿನ ಬೆಂಚಿನಲ್ಲಿ ಇರುವುದಿಲ್ಲ.

ಅದೇ ರೀತಿ, ಯಂತ್ರವೇ ಬೇಡ, ಎಲ್ಲವನ್ನೂ ಕೈಯಿಂದಲೇ ಮಾಡಿಸಿರಿ ಎನ್ನುವ ಸಹೋದ್ಯೋಗಿಗಳಿಗೂ ನನ್ನ ಸಮ್ಮತಿಯಿಲ್ಲ. ಗುಂಡಿ ಒತ್ತಿ ಚಿತ್ರ ಪಡೆಯುವ ಸಾಧನವಾಗಿದ್ದರೆ ನಾನೂ ಅವರೊಡನೆ ನಿಲ್ಲುತ್ತಿದ್ದೆ. ಆಜ್ಞೆಯ ಸಾಲು ಹಾಗಲ್ಲ. ತಾನು ಏನನ್ನು ಬಯಸುತ್ತೇನೆಂಬುದನ್ನು ಪದಗಳಲ್ಲಿ, ಸರಿಯಾದ ಅನುಕ್ರಮದಲ್ಲಿ, ಹೆಚ್ಚಿಲ್ಲದೆ ಕಡಮೆಯಿಲ್ಲದೆ ಬರೆಯದವನಿಗೆ ಅದು ಏನನ್ನೂ ಕೊಡುವುದಿಲ್ಲ. ಭಾಷಾಧ್ಯಾಪಕನಿಗೆ ಇದಕ್ಕಿಂತ ಒಳ್ಳೆಯ ಸಹಾಯಕ ಸಿಗಲಾರ. ಆದುದರಿಂದ ಚಿತ್ರಕಲೆ, ಗಣಕಯಂತ್ರ, ಕನ್ನಡ ಈ ಮೂರು ತರಗತಿಗಳಿಗೆ ವಾರದಲ್ಲಿ ಒಂದು ಅವಧಿಯನ್ನು ಸಮಾನವಾಗಿಡಬೇಕೆಂದು ಮಂಡಲಿಗೆ ಬರೆದುಕೊಂಡಿದ್ದೇನೆ. ಮಕ್ಕಳು ಮೊದಲು ಚುಕ್ಕಿಯಿಟ್ಟು ಕೈಯಿಂದ ಬರೆಯಲಿ. ಬರೆದುದರ ನಿಯಮವನ್ನು ಒಳ್ಳೆಯ ಕನ್ನಡದ ನಾಲ್ಕು ವಾಕ್ಯಗಳಲ್ಲಿ ಹೇಳಲಿ. ಅನಂತರ ಅದನ್ನು ಯಂತ್ರಕ್ಕೆ ತಿಳಿಯುವ ಸಾಲಾಗಿ ಮಾಡಲಿ. ಎರಡನೆಯ ಹೆಜ್ಜೆಯಲ್ಲಿಯೇ ಬಹುಮಂದಿ ಎಡವುತ್ತಾರೆಂಬುದನ್ನು ನಾನು ಕಂಡಿದ್ದೇನೆ. "ಹಿಂಗ ಸುತ್ತಿ ಹಿಂಗ ತರೋದ್ರಿ" ಎಂದು ಗಾಳಿಯಲ್ಲಿ ಕೈಯಾಡಿಸಿ ತೋರಿಸುತ್ತಾರೆಯೇ ಹೊರತು, 'ಹಿಂಗ' ಎಂದರೆ ಹೇಗೆಂಬುದಕ್ಕೆ ಅವರಲ್ಲಿ ಮಾತಿರುವುದಿಲ್ಲ.

ದಾನಿಗಳಲ್ಲಿ ಒಂದು ವಿಜ್ಞಾಪನೆ. ಯಂತ್ರವನ್ನು ದಾನ ಮಾಡಿದರೆ ಅದರ ನೆತ್ತಿಯ ಮೇಲೆ ಹೆಸರು ಬರೆಸಬಹುದು. ಅಧ್ಯಾಪಕರ ವೇತನಕ್ಕೆ ಕೊಟ್ಟ ಹಣದ ಮೇಲೆ ಹೆಸರು ಬರೆಸಲು ಸ್ಥಳವಿಲ್ಲ. ಇದು ನನಗೆ ತಿಳಿಯದ ವಿಷಯವಲ್ಲ. ಆದರೆ ನಾನು ಮೇಲೆ ವರ್ಣಿಸಿದ ಕೆಲಸವೆಲ್ಲ ನಡೆದುದು ಶಾಲೆಯಲ್ಲಿರುವ ಹಳೆಯ ಯಂತ್ರಗಳಲ್ಲಿ, ಕಾಸು ಖರ್ಚಿಲ್ಲದೆ ದೊರೆತ ಸಾಧನದಿಂದ. ಈ ಕಾರ್ಯಕ್ಕೆ ಹೊಸ ಯಂತ್ರಗಳ ಅಗತ್ಯ ಬೀಳಲಿಲ್ಲ. ಆ ಮೊತ್ತ ಒಬ್ಬ ಚಿತ್ರಕಲಾ ಅಧ್ಯಾಪಕರ ಕೆಲವು ವರ್ಷಗಳ ವೇತನಕ್ಕೆ ಸಲ್ಲುವಂತಾದರೆ, ಹೆಸರು ಬರೆಸುವ ಸ್ಥಳವನ್ನು ನಾನು ಹುಡುಕಿಕೊಡುತ್ತೇನೆ. ಪ್ರತಿ ವರ್ಷದ ಸಂಪುಟದಲ್ಲಿ ಅಂಚಿನ ಮೂಲೆಯ ಹೂವು ಖಾಲಿಯಿದೆ.

ಮಂಡಲಿಯ ಸಭೆ ಮುಂದಿನ ತಿಂಗಳಿಗೆ ಗೊತ್ತಾಗಿದೆ. ಮೂಲೆಯ ಹೂವಿನ ಪೆನ್ಸಿಲ್ ಹಾಳೆಯನ್ನೂ ಮಕ್ಕಳು ಬರೆದ ಆಜ್ಞೆಯ ಸಾಲುಗಳನ್ನೂ ಒಂದೇ ಕಟ್ಟಿನಲ್ಲಿಟ್ಟು ಗ್ರಂಥಾಲಯಕ್ಕೆ ಒಪ್ಪಿಸಿದ್ದೇನೆ. ನೋಡಬಯಸುವವರು ಕೇಳಿ ಪಡೆಯಬಹುದು. ಚಿತ್ರಕಲೆಯ ಕೋಣೆಯ ಬೀಗದ ಕೈ ಎರಡು ವರ್ಷಗಳಿಂದ ನನ್ನ ಮೇಜಿನ ಖಾನೆಯಲ್ಲಿದೆ. ಹೊಸ ಅಧ್ಯಾಪಕರು ಬಂದ ದಿನ ಅದನ್ನು ಅವರ ಕೈಗೆ ಕೊಡುತ್ತೇನೆ.